ಮೂವತ್ತೇಳನೇ ಸಾಲು

ಬೆಂಗಳೂರಿನ ಕಚೇರಿಗಳ ಎಚ್.ಆರ್. ಹಾಗೂ ಫೆಸಿಲಿಟಿ ವಿಭಾಗದ ಎಲ್ಲರಿಗೂ,



ಹೋದ ಅಕ್ಟೋಬರ್ ಕೊನೆಯ ವಾರ ನಿಮ್ಮ ಪೈಕಿ ಒಬ್ಬರು ನಮ್ಮ ಕಚೇರಿಯ ಕನ್ನಡ ಬಳಗಕ್ಕೆ ಒಂದು ಎಕ್ಸೆಲ್ ಹಾಳೆ ಕಳಿಸಿದ್ದರು. ರಾಜ್ಯೋತ್ಸವದ ಹೊತ್ತಿಗೆ ಎಲ್ಲರ ಐ.ಡಿ. ಕಾರ್ಡಿನಲ್ಲೂ ಹುದ್ದೆಯ ಹೆಸರು ಕನ್ನಡದಲ್ಲಿ ಇರಬೇಕಂತೆ, ಎರಡು ದಿನದಲ್ಲಿ ಅನುವಾದಿಸಿ ಕೊಡಬೇಕಂತೆ. ಬಳಗ ಎಂದರೆ ನಾವು ಐದು ಜನ. ಹನ್ನೊಂದು ತಿಂಗಳು ಮಲಗಿದ್ದು ನವೆಂಬರಿಗೆ ಚಿಗುರುವ ಜಾತಿ. ಊಟ ಮುಗಿಸಿ ಕೂತೆವು. ‘ಡೇಟಾ ಸೈಂಟಿಸ್ಟ್’ ದತ್ತಾಂಶ ವಿಜ್ಞಾನಿಯಾದರು. ‘ಸ್ಕ್ರಮ್ ಮಾಸ್ಟರ್’ ನಮ್ಮ ಮುಕ್ಕಾಲು ಗಂಟೆ ತಿಂದು ಕೊನೆಗೆ ಸ್ಕ್ರಮ್ ಮಾಸ್ಟರಾಗಿಯೇ ಉಳಿದರು. ಮೂವತ್ತೇಳನೇ ಸಾಲಿಗೆ ಬಂದಾಗ ಮಾತ್ರ ಕೈ ನಿಂತಿತು. ಅಲ್ಲಿ ಅನುವಾದಿಸಲು ಇಂಗ್ಲಿಷಿನಲ್ಲೇ ಏನೂ ಇರಲಿಲ್ಲ. ‘ಎಚ್.ಕೆ. – ಮಿಸಲೇನಿಯಸ್’ ಎಂದಿತ್ತು. ಹೌಸ್‌ಕೀಪಿಂಗ್, ಇತ್ಯಾದಿ. ಪಕ್ಕದ ಫೋಟೋ ನೋಡಿದ ಮೇಲೆ ಗೊತ್ತಾಯಿತು, ಅದು ನಮ್ಮ ಆರನೇ ಮಹಡಿಯ ಗಿಡ ನೋಡಿಕೊಳ್ಳುವ ಅಕ್ಕ.

ಆಕೆಯನ್ನು ‘ಇತ್ಯಾದಿ’ ಎಂದು ಕಾರ್ಡಿನ ಮೇಲೆ ಅಚ್ಚು ಹಾಕಿಸಲು ನಮ್ಮ ಐವರಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಈ ಪತ್ರ ಅಲ್ಲಿಂದ ಹುಟ್ಟಿದ್ದು.

ಅದೇ ಮಹಡಿಯ ಕುಂಡಗಳನ್ನು ಒಮ್ಮೆ ನೋಡಿ. ಪ್ರತಿಯೊಂದಕ್ಕೂ ಅಕ್ರಿಲಿಕ್ ಫಲಕ, ಅದರ ಮೇಲೆ ಲ್ಯಾಟಿನ್ ಹೆಸರು. ಲಿಫ್ಟಿನ ಪಕ್ಕ ಕತ್ತಿಯಂತೆ ನೆಟ್ಟಗೆ ನಿಂತಿರುವ ಸ್ನೇಕ್ ಪ್ಲಾಂಟಿಗೆ ‘ಸಾನ್ಸೆವೇರಿಯಾ’ ಎಂದು ಬರೆದಿದೆ. ಆ ಹೆಸರೂ ಈಗ ಹಳೆಯದು. ಡಿ.ಎನ್.ಎ. ಪರೀಕ್ಷಿಸಿ ಬಂಧುಬಳಗವನ್ನು ಜಾಲಾಡಿದ ಸಸ್ಯವಿಜ್ಞಾನಿಗಳು 2017ರಲ್ಲಿ ಅದನ್ನು ಡ್ರಸೀನಾ ಕುಲಕ್ಕೆ ಸೇರಿಸಿದರು. ಒಂದು ಗಿಡ ಯಾವ ಮನೆತನದ್ದು ಎಂದು ತೀರ್ಮಾನಿಸಲು ಜಗತ್ತಿನ ಪಂಡಿತರು ಅಷ್ಟು ತಲೆ ಕೆಡಿಸಿಕೊಂಡರು. ಆ ಗಿಡವನ್ನು ಬದುಕಿಸಿಟ್ಟವಳಿಗೆ ನಮ್ಮ ಹಾಳೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ ಮತ್ತು ಒಂದು ‘ಇತ್ಯಾದಿ’.

ಆಕೆ ಏನು ಮಾಡುತ್ತಾಳೆ ಎಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ತಪ್ಪು ನಿಮ್ಮದಲ್ಲ. ಆಕೆ ಬರುವುದು ಬೆಳಿಗ್ಗೆ ಏಳಕ್ಕೆ, ನೀವು ಬರುವುದು ಹತ್ತಕ್ಕೆ. ನನಗೂ ಗೊತ್ತಿರಲಿಲ್ಲ. ಒಂದು ಸಾಫ್ಟ್‌ವೇರ್ ಬಿಡುಗಡೆಯ ಕೆಲಸಕ್ಕೆಂದು ವಾರವಿಡೀ ಬೆಳಗಿನ ಪಾಳಿಗೆ ಬಂದಾಗ ನೋಡಿದೆ. ‘ಗಿಡಕ್ಕೆ ನೀರು ಹಾಕುತ್ತಾಳೆ’ ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ಕಂಡದ್ದು ಅದಕ್ಕೆ ವಿರುದ್ಧ. ಆಕೆಯ ಕೆಲಸದ ಬಹುಪಾಲು ನೀರು ಹಾಕದೇ ಇರುವುದು. ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸುತ್ತಾಳೆ, ತೆಗೆದು ನೋಡುತ್ತಾಳೆ, ಮುಂದೆ ಹೋಗುತ್ತಾಳೆ. ಸಣ್ಣ ಕುಂಡವಾದರೆ ಎತ್ತಿ ತೂಕ ನೋಡುತ್ತಾಳೆ. ನಲವತ್ತು ಕುಂಡಗಳಲ್ಲಿ ಆ ದಿನ ನೀರು ಕಂಡವು ಎಂಟೋ ಒಂಬತ್ತೋ. ಜೆಡ್‌ಜೆಡ್ ಗಿಡದ ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ. ಅದು ಪೂರ್ವ ಆಫ್ರಿಕಾದ ಒಣನೆಲದಿಂದ ಬಂದದ್ದು, ನೀರನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಮೂರು ವಾರ ಅದರ ತಂಟೆಗೆ ಹೋಗಬಾರದು. ಪೀಸ್ ಲಿಲಿ ಹಾಗಲ್ಲ, ಸ್ವಲ್ಪ ಬಾಯಾರಿದರೂ ಮೂರ್ಛೆ ಹೋದವಳಂತೆ ಮಲಗಿಬಿಡುತ್ತದೆ, ನೀರು ಸಿಕ್ಕ ಕೆಲವೇ ಗಂಟೆಗಳಲ್ಲಿ ಏನೂ ಆಗಿಲ್ಲ ಎಂಬಂತೆ ಎದ್ದು ಕೂರುತ್ತದೆ. ‘ಇದು ನಾಟ್ಕದ್ದು ಮೇಡಂ, ಅದು ಮೂಗ್ನದ್ದು. ಮೂಗುಂದೇ ಕಷ್ಟ, ಬೇರು ಕೊಳ್ತೋದ್ರೂ ಬಾಯಿಬಿಡಲ್ಲ’ ಎಂದಳು.

ಬೇರು ಕೊಳೆಯುವುದು ಯಾತರಿಂದ? ನಮ್ಮ ದಯೆಯಿಂದ. ಕಚೇರಿಯ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಹೆಚ್ಚು. ಮೀಟಿಂಗಿಗೆ ಹೋಗುವವರು ಬಾಟಲಿಯಲ್ಲಿ ಉಳಿದ ನೀರು ಸುರಿಯುತ್ತಾರೆ, ಕೆಲವರು ಸಕ್ಕರೆ ಹಾಕಿದ ಕಾಫಿಯ ತಳವನ್ನೂ. ಹುಟ್ಟುಹಬ್ಬದ ಮರುದಿನ ಕೇಕಿನ ಚೂರಿಗೆ ಇರುವೆ ಬರುತ್ತದೆ. ಸಿಹಿ ಕಂಡ ಇರುವೆ ಹಿಟ್ಟುತಿಗಣೆಯನ್ನೂ ಸಾಕಿಕೊಳ್ಳುತ್ತದೆ, ಏಕೆಂದರೆ ತಿಗಣೆ ವಿಸರ್ಜಿಸುವ ಅಂಟುರಸ ಇರುವೆಗೆ ಊಟ. ಆಕೆ ಎಲೆಯ ಅಡಿಭಾಗ ತಿರುಗಿಸಿ, ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಇದೆಯೇ ಎಂದು ನೋಡಿ, ಬೇವಿನೆಣ್ಣೆಯ ಬಟ್ಟೆಯಲ್ಲಿ ಒರೆಸುತ್ತಾಳೆ. ಎ.ಸಿ.ಯ ಒಣಗಾಳಿ ನುಸಿಗೆ ಬಲು ಪ್ರೀತಿ, ಆದ್ದರಿಂದ ಗಾಳಿಯ ಕಿಂಡಿಯ ಕೆಳಗಿನ ಅರೆಕಾ ತಾಳೆಗೆ ದಿನವೂ ತಪಾಸಣೆ. ಫೈಕಸ್ ಜಾಗ ಬದಲಿಸಿದರೆ ಮುನಿಸಿಕೊಂಡು ಎಲೆ ಉದುರಿಸುತ್ತದೆ. ಹಾಗಾಗಿ ನಿಮ್ಮ ‘ಸೀಟಿಂಗ್ ರೀಶಫಲ್’ ಮೇಲ್ ಬಂದ ದಿನ ನಮಗಿಂತ ಮೊದಲು ಆಕೆಗೆ ತಲೆಬಿಸಿ. ಪ್ಯಾಂಟ್ರಿಯಲ್ಲಿ ಯಾರೋ ಡಿಫೆನ್‌ಬೇಕಿಯಾ ಇಟ್ಟಿದ್ದನ್ನು ಕಂಡು, ಅದರ ರಸ ಬಾಯಿಗೆ ತಗುಲಿದರೆ ನಾಲಿಗೆ ಊದಿಕೊಳ್ಳುತ್ತದೆ ಎಂದು ಎತ್ತಿಸಿದವಳೂ ಆಕೆಯೇ. ಯಾರೂ ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ.

ಸೊರಗಿದ ಗಿಡಗಳು ಎರಡು ವಾರಕ್ಕೊಮ್ಮೆ ಟೆರೇಸಿನ ನೆರಳುಪರದೆಯಡಿಗೆ ಸುಧಾರಿಸಿಕೊಳ್ಳಲು ಹೋಗುತ್ತವೆ, ಸುಧಾರಿಸಿದವು ಕೆಳಗೆ ಬರುತ್ತವೆ. ಈ ಪಾಳಿಯ ಪಟ್ಟಿ ಯಾವ ಎಕ್ಸೆಲ್ಲಿನಲ್ಲೂ ಇಲ್ಲ. ಆಕೆಯ ತಲೆಯಲ್ಲಿದೆ.

2024ರ ಮಾರ್ಚ್ ನಿಮಗೆ ನೆನಪಿರಬೇಕು. ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ಬೆಲೆ ಏರಿದಾಗ, ಗಿಡಕ್ಕೆ ಕುಡಿಯುವ ನೀರು ಹಾಕಿದರೆ, ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ನಿಮ್ಮ ವಿಭಾಗದಿಂದ ‘ಗಿಡಗಳನ್ನು ವಾಪಸ್ ಕಳಿಸೋಣವೇ?’ ಎಂಬ ಮೇಲ್ ಹೊರಟಿತ್ತು. ಆಗ ಆಕೆ ಎ.ಸಿ. ಯಂತ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಡ್ರಮ್ ಇಟ್ಟಳು. ಗಾಳಿಯ ತೇವ ತಣಿದು ಬಂದ ನೀರು ಅದು. ಕೊಳವೆಬಾವಿ ನೀರಿನ ಸುಣ್ಣದಂಶ ಅದರಲ್ಲಿಲ್ಲ, ಎಲೆಯ ತುದಿ ಸುಡುವುದಿಲ್ಲ. ಅದೊಂದರಿಂದಲೇ ಇಡೀ ಮಹಡಿಯ ಬೇಸಿಗೆ ಕಳೆಯಿತು. ಆ ವರ್ಷದ ಸುಸ್ಥಿರತಾ ವರದಿಯಲ್ಲಿ ಡ್ರಮ್ಮಿನ ಬಣ್ಣದ ಫೋಟೋ ಬಂದಿತ್ತು, ಕೆಳಗೆ ‘ಫೆಸಿಲಿಟಿ ತಂಡದ ಉಪಕ್ರಮ’ ಎಂದು. ಡ್ರಮ್ಮಿಗೂ ಒಂದು ಹೆಸರು ಸಿಕ್ಕಿತ್ತು, ‘ಪ್ರಾಜೆಕ್ಟ್’ ಎಂದು ಶುರುವಾಗುವ ಏನೋ ಒಂದು.

ಆಕೆಯ ಕೆಲಸಕ್ಕೊಂದು ಹೆಸರು ಬೇಕು ಎಂದು ನಾವು ಕೇಳಿದಾಗ ನಿಮ್ಮ ಕಡೆಯಿಂದ ಬಂದ ಮೊದಲ ಸಲಹೆ ‘ಗ್ರೀನ್ ವೆಲ್‌ನೆಸ್ ಎಕ್ಸಿಕ್ಯುಟಿವ್’. ಜೊತೆಗೊಂದು ಟಿಪ್ಪಣಿ: ಗಿಡಗಳು ಕಚೇರಿಯ ಗಾಳಿ ಶುದ್ಧ ಮಾಡುತ್ತವೆ ಎಂದು ನಾಸಾ ಹೇಳಿದೆ. ನಾಸಾ ಹೇಳಿದ್ದು 1989ರಲ್ಲಿ. ಗಾಳಿಯಾಡದ ಸಣ್ಣ ಪೆಟ್ಟಿಗೆಗಳೊಳಗೆ ಗಿಡ ಇಟ್ಟು ಬೆಂಜೀನ್‌ನಂಥ ಅನಿಲಗಳು ಎಷ್ಟು ಕಡಿಮೆಯಾದವು ಎಂದು ಅಳೆದ ಪ್ರಯೋಗ ಅದು. ಮೂವತ್ತು ವರ್ಷದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು 2019ರಲ್ಲಿ ಲೆಕ್ಕ ಹಾಕಿದವರು ಬೇರೆಯೇ ಮಾತು ಹೇಳಿದರು. ಕಟ್ಟಡದ ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಆಗ ನಾವು ಕೂರುವುದು ಎಲ್ಲಿ? ದೆಹಲಿಯ ಉದ್ಯಮಿ ಕಮಲ್ ಮೀಟ್ಲೆ 2009ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಅರೆಕಾ ತಾಳೆ, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಮೂರನ್ನೂ ಕೊಂಡಾಡಿ, ಮುನ್ನೂರು ಜನರ ಕಟ್ಟಡದಲ್ಲಿ 1,200 ಗಿಡ ಇಟ್ಟ ಕಥೆ ಹೇಳಿದ್ದನ್ನು ನೀವು ವಾಟ್ಸಾಪಿನಲ್ಲಿ ಹಂಚಿದ್ದೀರಿ. ಅದೇ ಭಾಷಣದಲ್ಲಿ ಅವರು ಹೇಳಿದ ಇನ್ನೊಂದು ಮಾತು ಯಾರ ಕಿವಿಗೂ ಬಿದ್ದಂತಿಲ್ಲ: ದೆಹಲಿಯ ಧೂಳಿನಲ್ಲಿ ಅರೆಕಾದ ಎಲೆಗಳನ್ನು ದಿನವೂ ಒರೆಸಬೇಕು. ನನಗಂತೂ ಅದು ಕೇಳಿದಾಗ ಮೊದಲು ಹೊಳೆದದ್ದು ಒಂದೇ ಪ್ರಶ್ನೆ. ಒರೆಸುವವರು ಯಾರು?

ಆದ್ದರಿಂದ ‘ವೆಲ್‌ನೆಸ್’ ಬೇಡ. ಗಿಡ ಮಾಡದ ಕೆಲಸವನ್ನು ಗಿಡ ನೋಡಿಕೊಳ್ಳುವವಳ ಹೆಸರಿಗೆ ಅಂಟಿಸಬಾರದು. ‘ಎಕ್ಸಿಕ್ಯುಟಿವ್’ ಕೂಡ ಬೇಡ. ಆ ಪದ ಈ ಊರಿನಲ್ಲಿ ಎಷ್ಟು ಸವೆದಿದೆ ಎಂದರೆ, ಹಿಟ್ಟು ರುಬ್ಬುವ ಯಂತ್ರ ಮಾರಲು ಬಾಗಿಲು ಬಡಿಯುವ ಹುಡುಗನೂ ಎಕ್ಸಿಕ್ಯುಟಿವ್. ಸಂಬಳ ಕೊಡಲಾಗದ ಕಡೆ ಕೊಡುವ ಪದ ಅದು.

ಹಾಗಾದರೆ ಕನ್ನಡದಲ್ಲಿ ಏನಿದೆ? ನಮ್ಮ ಬಳಗದವರು ಎರಡು ಸಂಜೆ ಇದರಲ್ಲೇ ಕಳೆದೆವು. ಒಪ್ಪಿಕೊಳ್ಳುತ್ತೇನೆ, ಇಷ್ಟು ವರ್ಷಗಳಲ್ಲಿ ಬಳಗ ಮಾಡಿದ ಅತ್ಯಂತ ಖುಷಿಯ ಕೆಲಸ ಅದು.

‘ಮಾಲಿ’ ಮೊದಲು ಬಂತು. ಅದರ ಮೂಲದಲ್ಲಿರುವುದು ಗಿಡವಲ್ಲ, ಮಾಲೆ. ಹೂ ಕಟ್ಟುವವನ ಹೆಸರು ಹಿಂದಿಯ ಮೂಲಕ ಬಂದು, ದಂಡುಪ್ರದೇಶದ ಬಂಗಲೆಗಳ ಕಾಂಪೌಂಡಿನಲ್ಲಿ ಕೈಕಟ್ಟಿ ನಿಂತಿತು. ಆ ಪದ ಕೇಳಿದರೆ ನನಗೆ ವರಾಂಡದಿಂದ ಬರುವ ಕೂಗು ಕೇಳಿಸುತ್ತದೆ. ನಮ್ಮ ಅಕ್ಕ ಮಾಲೆ ಕಟ್ಟುವುದು ಆಯುಧಪೂಜೆಯ ದಿನ ಮಾತ್ರ, ಅದೂ ಆಕೆಯ ಕೆಲಸವಲ್ಲ, ಕಟ್ಟಲು ಬರುತ್ತದೆಂಬ ಕಾರಣಕ್ಕೆ ನೀವು ಹೇರಿದ್ದು.

‘ತೋಟಗಾರ’ ಸುಲಭದ ಉತ್ತರ. ತೋಟಗಾರಿಕೆ ಎಂಬ ಇಲಾಖೆಯೇ ಇದೆ. ಆದರೆ ತೋಟ ಎಂದರೆ ನೆಲ ಬೇಕು, ಬಿಸಿಲು ಬೇಕು, ಬಾವಿ ಬೇಕು. ಬಳಗದಲ್ಲಿ ಸಾಗರದ ಕಡೆಯವರೊಬ್ಬರಿದ್ದಾರೆ. ‘ನಮ್ಮಲ್ಲಿ ತೋಟದವರು ಅಂದರೆ ಅಡಿಕೆ ತೋಟದ ಧಣಿಗಳು, ಕಾರ್ಡ್ ನೋಡಿ ಎಷ್ಟು ಎಕರೆ ಅಂತ ಕೇಳ್ತಾರೆ’ ಎಂದರು. ಹಳೆಯ ಚೆಂದದ ರೂಪ ‘ತೋಟಿಗ’ ಇದೆ, ಆದರೆ ಅದನ್ನು ಕೇಳಿದವರು ಊರಿನ ‘ತೋಟಿ’ ಎಂದುಕೊಳ್ಳುವ ಅಪಾಯವಿದೆ.

ಹೆಣ್ಣುಮಕ್ಕಳ ಕೈಕೆಲಸಕ್ಕೆ ಕನ್ನಡ ಒಂದು ಅಪರೂಪದ ಪ್ರತ್ಯಯ ಇಟ್ಟಿದೆ: ಗಿತ್ತಿ. ಹೂವಾಡಗಿತ್ತಿ, ಸೂಲಗಿತ್ತಿ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗಲೂ ಜನ ಕರೆದದ್ದು ಸೂಲಗಿತ್ತಿ ನರಸಮ್ಮ ಎಂದೇ. ಕೆಲಸದ ಹೆಸರು ಮನೆತನದ ಹೆಸರಿನ ಜಾಗದಲ್ಲಿ ಕೂತಿತ್ತು. ಸಾಲುಮರದ ತಿಮ್ಮಕ್ಕನವರದೂ ಹಾಗೆಯೇ. ಹುಲಿಕಲ್ಲಿನ ದಾರಿಯ ಆಲದ ಸಾಲೇ ಅವರ ಬಿರುದು, ಯಾವ ಸಮಿತಿಯೂ ಕೂತು ಅದನ್ನು ಗೊತ್ತು ಮಾಡಲಿಲ್ಲ. ‘ಗಿಡಗಿತ್ತಿ’ ಎಂದು ಬಾಯಿಬಿಟ್ಟು ಹೇಳಿ ನೋಡಿದೆವು. ನಾಲಿಗೆಗೆ ಹಿತ, ಕಾರ್ಡಿಗೆ ಅಹಿತ. ನಾಳೆ ಇದೇ ಕೆಲಸಕ್ಕೆ ಗಂಡಸು ಬಂದರೆ?

ಇನ್ನೊಂದು ಹಿಂಜರಿಕೆಯೂ ಇತ್ತು, ಇದು ಹೆಚ್ಚು ಗಂಭೀರದ್ದು. ನಮ್ಮ ಭಾಷೆಯಲ್ಲಿ ಕಸುಬಿನ ಹೆಸರು ಹೆಚ್ಚು ದಿನ ಕಸುಬಿನ ಹೆಸರಾಗಿ ಉಳಿಯುವುದಿಲ್ಲ. ಗಾಣಿಗ, ಹೂಗಾರ, ಕುಂಬಾರ ಎಲ್ಲವೂ ಒಂದು ಕಾಲಕ್ಕೆ ಹುದ್ದೆಗಳೇ, ಆಮೇಲೆ ಜಾತಿಗಳಾದವು. ಬೆಂಗಳೂರಿನ ತೋಟಗಳನ್ನು ತಲೆತಲಾಂತರದಿಂದ ಬೆಳೆಸಿದ ತಿಗಳರನ್ನು ನಾವು ನೆನೆಯುವುದು ಕರಗದ ರಾತ್ರಿ ಮಾತ್ರ. ಆದ್ದರಿಂದ ಹೊಸ ಹೆಸರಿಗೆ ಹುಟ್ಟಿನ ವಾಸನೆ ಇರಬಾರದು ಎಂದು ನಿರ್ಧರಿಸಿದೆವು. ಯಾರು ಬೇಕಾದರೂ ಕಲಿತು ಹೊರಬಹುದಾದ ಹೆಸರಾಗಿರಬೇಕು.

ಆದರೂ ಹಳೆಯ ಒಂದು ಪದದಿಂದ ನನಗೆ ಬಿಡಿಸಿಕೊಳ್ಳಲಾಗಲಿಲ್ಲ: ನೀರುಗಂಟಿ. ಹಳೇ ಮೈಸೂರಿನ ಕೆರೆಯೂರುಗಳಲ್ಲಿ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಗೊತ್ತು ಮಾಡುತ್ತಿದ್ದವನು. ಕೂಲಿ ಎಷ್ಟೇ ಸಣ್ಣದಿರಲಿ, ಅವನ ಪಾಳಿ ಬರುವವರೆಗೆ ಗೌಡನ ಗದ್ದೆಯೂ ಕಾಯಬೇಕಿತ್ತು. ಅದೂ ವಂಶದಿಂದ ಬರುತ್ತಿದ್ದ ಹೊಣೆ, ಹಾಗಾಗಿ ಆ ಪದವನ್ನು ಹಾಗೆಯೇ ಎತ್ತಿಕೊಳ್ಳಲಾರೆ. ಆದರೆ ಅದರೊಳಗಿನ ಒಂದು ಗುಟ್ಟು ಬೇಕು. ಆ ಹೆಸರಿನಲ್ಲಿ ಅಧಿಕಾರವಿತ್ತು. ಈಗ ಬೇಡ, ನಾಳೆ ಎನ್ನುವ ಅಧಿಕಾರ. ನಮ್ಮ ಅಕ್ಕನಿಗೆ ಇಲ್ಲದ್ದು ಅದೇ. ಫೈಕಸನ್ನು ಎ.ಸಿ. ಕಿಂಡಿಯ ಕೆಳಗೆ ಇಡಬೇಡಿ ಎಂದು ಆಕೆ ಹೇಳಿದರೆ, ‘ಎಚ್.ಕೆ.’ ಹೇಳಿದ್ದನ್ನು ಇಂಟೀರಿಯರ್ ವಿನ್ಯಾಸಕಾರರು ಏಕೆ ಕೇಳಬೇಕು? ಗಿಡ ಸತ್ತಾಗ ಮಾತ್ರ ಅದು ಆಕೆಯ ಗಿಡ.

ಕೊನೆಗೆ ನಾವು ನಿಂತದ್ದು ಗ್ರಂಥಾಲಯದ ಬಾಗಿಲಲ್ಲಿ. ಪುಸ್ತಕ ನೋಡಿಕೊಳ್ಳುವವರನ್ನು ಪುಸ್ತಕದ ಧೂಳು ಹೊಡೆಯುವವರು ಎನ್ನುವುದಿಲ್ಲ, ಗ್ರಂಥಪಾಲಕರು ಎನ್ನುತ್ತೇವೆ. ಅರಣ್ಯ ಇಲಾಖೆಯಲ್ಲೂ ಬೀಟು ತಿರುಗುವವರ ಹುದ್ದೆಗೆ ಈಗ ‘ಗಸ್ತು ಅರಣ್ಯ ಪಾಲಕ’ ಎಂದಿದೆ. ಹಾಗಿದ್ದರೆ ‘ಸಸ್ಯಪಾಲಕರು’? ಬಳಗದ ಕಿರಿಯ ಹುಡುಗ ತಕ್ಷಣ, ‘ಪಾಲಕ್ ಅಂದ್ರೆ ಕ್ಯಾಂಟೀನಿನವರು ಬಂದು ಸೊಪ್ಪು ಕೇಳ್ತಾರೆ’ ಎಂದ. ನಕ್ಕೆವು. ನಕ್ಕ ಮೇಲೆ ‘ಸಸ್ಯ’ ಬಿಟ್ಟು ‘ಗಿಡ’ ಹಿಡಿದೆವು. ಆಕೆ ದಿನಕ್ಕೆ ನೂರು ಸಲ ಹೇಳುವ ಪದ ಅದು. ಗಿಡಪಾಲಕರು. ಅಚ್ಚಗನ್ನಡಕ್ಕೆ ಸಂಸ್ಕೃತ ಹೊಲಿದರೆ ಅರಿಸಮಾಸ ಎಂದು ಕೇಶಿರಾಜನ ಕಾಲದಿಂದ ತಕರಾರಿದೆ, ಗೊತ್ತು. ಆದರೆ ‘ಮಳೆಗಾಲ’ ಎಂದಾಗ ಯಾರೂ ಕೊಡೆ ಮಡಚಿ ವ್ಯಾಕರಣ ಕೇಳುವುದಿಲ್ಲ. ಬಹುವಚನದ ‘ರು’ ಇರುವುದರಿಂದ ಹೆಣ್ಣು ಗಂಡಿನ ತೊಡಕೂ ಇಲ್ಲ, ಮರ್ಯಾದೆಯೂ ತಾನೇ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ನಿಮ್ಮ ಹೆಸರಿಗೆ ಬರೆಯಬೇಕಿರಲಿಲ್ಲ. ಕಾರ್ಡಿನ ಹೆಸರು ಒಂದು, ಮಸ್ಟರ್ ರೋಲಿನ ಹೆಸರು ಇನ್ನೊಂದು. ಎರಡನೆಯದರಲ್ಲಿ ಊಟ ಇದೆ. ಕನಿಷ್ಠ ವೇತನದ ಅಧಿಸೂಚನೆಗಳು ಕೆಲಸವನ್ನು ಅಕುಶಲ, ಅರೆಕುಶಲ, ಕುಶಲ ಎಂದು ವಿಂಗಡಿಸಿಯೇ ದರ ಗೊತ್ತು ಮಾಡುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವೃತ್ತಿ ವರ್ಗೀಕರಣ ನೋಡಿ. ನಮ್ಮ ದೇಶದ 2015ರ ವರ್ಗೀಕರಣವೂ ಅದನ್ನೇ ಅನುಸರಿಸುತ್ತದೆ. ಅಲ್ಲಿ ಕಚೇರಿ ಗುಡಿಸುವ ಒರೆಸುವ ಕೆಲಸಕ್ಕೆ 9112. ತೋಟದ ಕೂಲಿಗೆ 9214. ಗಿಡ ಬೆಳೆಸಿ ಆರೈಕೆ ಮಾಡುವ ತೋಟಗಾರಿಕೆಯ ಪಳಗಿದ ಕೈಗೆ 6113. ಒಂಬತ್ತರಿಂದ ಶುರುವಾಗುವುದೆಲ್ಲ ‘ಪ್ರಾಥಮಿಕ’ ಕೆಲಸಗಳು, ಆರರದು ಕೌಶಲದ ವಿಭಾಗ. ‘ಎಚ್.ಕೆ.’ ಎಂಬ ಎರಡಕ್ಷರ ಆಕೆಯನ್ನು ಆರರಿಂದ ಒಂಬತ್ತಕ್ಕೆ ತಳ್ಳಿದೆ. ಗುಡಿಸುವವರ ಕೆಲಸ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಅವರಿಗೂ ನೀವು ಕೊಡಬೇಕಾದ್ದು ಬಹಳ ಬಾಕಿ ಇದೆ, ಅದು ಇನ್ನೊಂದು ಪತ್ರದ ವಿಷಯ. ಆದರೆ ಬೇರೆ ಕೆಲಸ ಬೇರೆ ಕೆಲಸವೇ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ‘ಇಂಟೀರಿಯರ್ ಪ್ಲಾಂಟ್‌ಸ್ಕೇಪ್ ಟೆಕ್ನಿಷಿಯನ್’ ಎಂಬ ಉದ್ದದ ಹೆಸರಿದೆ. ಸಿಯಾಟಲ್‌ನಲ್ಲಿ 2018ರಲ್ಲಿ ತೆರೆದ ಅಮೆಜಾನಿನ ಗಾಜಿನ ಗೋಳಗಳಲ್ಲಿ ಸುಮಾರು 40,000 ಗಿಡಗಳಿವೆ, ಅವುಗಳಿಗೆ ತೋಟಗಾರಿಕೆ ತಜ್ಞರ ತಂಡವೇ ಇದೆ. ಅಷ್ಟು ಬೇಡ. ದಾಖಲೆಯಲ್ಲಿ ‘ಒಳಾಂಗಣ ತೋಟಗಾರಿಕೆ – ಕುಶಲ’ ಎಂದಿರಲಿ, ಕಾರ್ಡಿನಲ್ಲಿ ‘ಗಿಡಪಾಲಕರು’ ಎಂದಿರಲಿ.

ಹೆಸರಿನಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಈ ರಾಜ್ಯದಲ್ಲಿ ಬೀದಿ ಗುಡಿಸುವವರು ‘ಪೌರಕಾರ್ಮಿಕ’ರಾಗಿ ದಶಕಗಳಾದವು. ಹೆಸರಿನೊಳಗೆ ಇಡೀ ಪೌರತ್ವವೇ ಇದ್ದರೂ ಕೆಲಸ ಕಾಯಂ ಮಾಡಿ ಎಂದು ಅವರು 2022ರಲ್ಲೂ ಬೀದಿಯಲ್ಲಿ ಕೂರಬೇಕಾಯಿತು. ವಿದ್ಯುತ್ ಕಂಪನಿಗಳ ‘ಮಾರ್ಗದಾಳು’ ಈಗ ‘ಪವರ್‌ಮ್ಯಾನ್’. ಹೆಸರಿನಿಂದ ಆಳು ಹೋದ, ಕಂಬ ಹತ್ತುವ ಅಪಾಯ ಹೋಗಲಿಲ್ಲ. ಇನ್ನು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಆಯ್ದು ಸಸಿ ಮಾಡಿದ ಆ ಹಾಲಕ್ಕಿ ತಾಯಿ ಯಾವ ತಾಯಿಮರದ ಬೀಜ ಯಾವಾಗ ಆಯಬೇಕು ಎಂದು ಬಲ್ಲವರಾಗಿದ್ದರು. ಲೋಕ ಅವರನ್ನು ಕಾಡಿನ ವಿಶ್ವಕೋಶ ಎಂದಿತು, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಂದರು. ಆದರೆ ದುಡಿಮೆಯ ಬಹಳ ವರ್ಷ ಇಲಾಖೆಯ ಪುಸ್ತಕದಲ್ಲಿ ಅವರು ದಿನಗೂಲಿ. ವಿಶ್ವಕೋಶ ಎಂದವರು ಯಾರೂ ಕೂಲಿ ಪಟ್ಟಿ ಬರೆಯುವವರಾಗಿರಲಿಲ್ಲ. ನೀವು ಅದನ್ನು ಬರೆಯುವವರು. ಅದಕ್ಕೇ ಈ ಪತ್ರ ನಿಮಗೆ.

ನಾವು ಮೂವತ್ತೇಳನೇ ಸಾಲಿನಲ್ಲಿ ‘ಗಿಡಪಾಲಕರು’ ಎಂದು ತುಂಬಿ ಹಾಳೆ ಹಿಂದಕ್ಕೆ ಕಳಿಸಿದೆವು. ‘ಈ ಹುದ್ದೆ ನಮ್ಮ ಡ್ರಾಪ್‌ಡೌನ್‌ನಲ್ಲಿ ಇಲ್ಲ’ ಎಂಬ ಉತ್ತರ ಬಂತು. ನವೆಂಬರ್ ಒಂದರಂದು ಆಕೆಯ ಕೊರಳಲ್ಲಿ ಕೆಂಪು ಹಳದಿ ದಾರ ಇತ್ತು, ಕಾರ್ಡಿನಲ್ಲಿ ಕನ್ನಡದ ಜಾಗ ಖಾಲಿ ಇತ್ತು.

ಅಷ್ಟೆಲ್ಲ ಆದ ಮೇಲೆ ನಮಗೆ ಹೊಳೆಯಿತು, ಆಕೆಯನ್ನೇ ನಾವು ಕೇಳಿರಲಿಲ್ಲ. ನಾಚಿಕೆಯಾಯಿತು. ಹೋಗಿ ಕೇಳಿದೆ. ಕಿಟಕಿಯತ್ತ ವಾಲಿದ ರಬ್ಬರ್ ಗಿಡವನ್ನು ಕಾಲುಸುತ್ತು ತಿರುಗಿಸುತ್ತಿದ್ದಳು. ನಮ್ಮ ಎರಡು ಸಂಜೆಯ ವ್ಯಾಕರಣವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡಳು. ‘ಚೆನ್ನಾಗದೆ ಮೇಡಂ’ ಎಂದಳು. ಆಮೇಲೆ, ‘ಆ ಹೆಸ್ರಿದ್ರೆ ಏಳ್ನೇ ಮಹಡಿ ಬಾಗ್ಲು ತೆಗೀತದಾ?’

ನನಗೆ ಅರ್ಥವಾಗಲಿಲ್ಲ. ಆಕೆ ತೋರಿಸಿದಳು. ನೆರಳುಪರದೆ ಇರುವ ಟೆರೇಸಿಗೆ ಹೋಗುವ ಬಾಗಿಲು ಕಾರ್ಡ್ ಒತ್ತಿದರೆ ತೆರೆಯುವಂಥದ್ದು. ಯಾವ ಹುದ್ದೆಗೆ ಯಾವ ಬಾಗಿಲು ಎಂದು ನಿಮ್ಮ ವ್ಯವಸ್ಥೆಯಲ್ಲಿ ಬರೆದಿದೆ. ‘ಎಚ್.ಕೆ.’ಗೆ ಆ ಬಾಗಿಲಿಲ್ಲ. ಪ್ರತಿ ಸಲವೂ ಕುಂಡ ಹೊತ್ತು ಮೆಟ್ಟಿಲ ತುದಿಯಲ್ಲಿ ನಿಂತು, ಕಾವಲುಗಾರ ಬಂದು ತೆಗೆಯುವವರೆಗೆ ಕಾಯುತ್ತಾಳೆ. ಕೆಲವು ದಿನ ಇಪ್ಪತ್ತು ನಿಮಿಷ.

ಟೆರೇಸಿನಲ್ಲಿ ಈಗ ಹನ್ನೊಂದು ಪೀಸ್ ಲಿಲಿ ಕುಂಡಗಳಿವೆ. ಶನಿವಾರ ಭಾನುವಾರ ಕಾವಲಿಗೆ ಒಬ್ಬನೇ ಇರುತ್ತಾನೆ, ಅವನು ಗೇಟು ಬಿಟ್ಟು ಮೇಲೆ ಬರುವುದಿಲ್ಲ. ಡ್ರಾಪ್‌ಡೌನ್‌ಗೆ ಒಂದು ಸಾಲು ಸೇರಿಸಲು ಹತ್ತು ನಿಮಿಷ ಸಾಕೆಂದು ನಮ್ಮ ಐ.ಟಿ.ಯವರು ಹೇಳಿದ್ದಾರೆ. ಶುಕ್ರವಾರ ಸಂಜೆಯೊಳಗೆ ಮಾಡಿಕೊಡಿ.

ಇತಿ,
ಆರನೇ ಮಹಡಿಯ ಕನ್ನಡ ಬಳಗದ ಪರವಾಗಿ,
ಕಿಟಕಿಯ ಪಕ್ಕದ ಸೀಟಿನವಳು